ಬೊಮ್ಮಕ್ಕನ ಕಥೆಗೆ ಹೂಂ ಅಂದವರು

ಬಿಳಿಚೋಡಿನ ಬೊಮ್ಮಕ್ಕ ಕಥೆ ಹೇಳಲು ಕೂತರೆ ಒಂದು ಕಟ್ಟಳೆ ಇತ್ತು. ಕೇಳುವವರು ಹೂಂಗುಟ್ಟುತ್ತಿರಬೇಕು. ಹೂಂ ನಿಂತರೆ ಕಥೆಯೂ ನಿಂತಲ್ಲೇ ನಿಲ್ಲುತ್ತಿತ್ತು. ರಾಜಕುಮಾರ ಕುದುರೆ ಹತ್ತಲು ಒಂದು ಕಾಲು ಎತ್ತಿದ್ದರೆ ಎತ್ತಿಕೊಂಡೇ ಇರುತ್ತಿದ್ದ, ರಾಕ್ಷಸಿ ಬಾಯಿ ತೆರೆದಿದ್ದರೆ ಹಾಗೇ ತೆರೆದುಕೊಂಡು ಕೂತಿರುತ್ತಿದ್ದಳು.

ಮನೆಯ ಮಿಕ್ಕ ಮಕ್ಕಳು ಬಾಯಲ್ಲಿ ಹೂಂ ಅನ್ನುತ್ತಿದ್ದವು. ಮಗನ ಮಗಳು ನಾಗರತ್ನಳಿಗೆ ಹುಟ್ಟಿನಿಂದಲೇ ಕಿವಿ ಕೇಳಿಸದು. ಅವಳಿಗೋಸ್ಕರ ಬೊಮ್ಮಕ್ಕ ಕಥೆಯನ್ನು ಬಾಯಿಂದ ಇಳಿಸಿ ಕೈಗೆ ತಂದಳು. ಮೂಗುತಿ ಮುಟ್ಟಿದರೆ ಅವ್ವ. ಸೆರಗು ಕೊಡವಿದರೆ ಗಾಳಿ. ಎರಡು ಮುಷ್ಟಿಗಳನ್ನು ಕಿವಿಯ ಪಕ್ಕ ಸುತ್ತಿ ಇಟ್ಟರೆ ಕುರಿ. ಅದೇ ಮುಷ್ಟಿಗಳನ್ನು ತಲೆಯ ಮೇಲಕ್ಕೆ ಎತ್ತಿದರೆ ಮೋಡ. ನೋಡುತ್ತಾ ಕೂತ ನಾಗರತ್ನ ಅಜ್ಜಿಯ ಮೊಣಕಾಲಿಗೆ ಮೆತ್ತಗೆ ಕುಟ್ಟುತ್ತಿದ್ದಳು. ಅದು ಅವಳ ಹೂಂ.

ಮುಂದೆ ಅವಳು ಕಿವುಡ ಮಕ್ಕಳ ಶಾಲೆಯ ಹಾಸ್ಟೆಲ್ ಸೇರಿದಳು. ಅಲ್ಲಿಯ ಸನ್ನೆಗಳೇ ಬೇರೆ. ಒಂದು ಸಂಜೆ ಕಿಟಕಿಯಲ್ಲಿ ನಿಂತು ಅಜ್ಜಿಯ ಕೈಯಲ್ಲಿ ಮೋಡ ಎಂದಿದ್ದಕ್ಕೆ ಇಡೀ ಹಾಸ್ಟೆಲ್ ಹೊಟ್ಟೆ ಹಿಡಿದು ನಕ್ಕಿತು. ತಲೆ ಮೇಲೆ ಕುರಿ ಹೊತ್ತವಳು ಎಂಬುದೇ ಅವಳ ಅಡ್ಡಹೆಸರಾಯಿತು. ಆಮೇಲೆ ಅಜ್ಜಿಯ ಕೈಗಳನ್ನು ಅವಳು ಬಿಳಿಚೋಡಿನ ಬಸ್ ಸ್ಟ್ಯಾಂಡಿನಲ್ಲೇ ಬಿಟ್ಟು ಹೋಗುವಳು. ರಜೆಗೆ ಬಂದಾಗ ಅಲ್ಲೇ ಎತ್ತಿಕೊಂಡು ತೊಟ್ಟುಕೊಳ್ಳುವಳು.

ಈಗ ಅವಳು ಜಗಳೂರಿನ ಒಂದು ಫೋಟೋ ಸ್ಟುಡಿಯೋದಲ್ಲಿ ಮದುವೆಯ ಆಲ್ಬಮ್ಮು, ವಿಡಿಯೋ ಜೋಡಿಸುವ ಕೆಲಸದಲ್ಲಿದ್ದಾಳೆ. ಒಂದು ದಿನ ಫೋನಿಗೆ ವಿಡಿಯೋ ಬಂತು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕು ತಾಲ್ಲೂಕಿನ ಕಿವುಡರು ಸೇರಿ ಹೊನ್ನಾಳಿಯಲ್ಲಿ ಒಂದು ದಿನದ ಚಿತ್ರೋತ್ಸವ ಮಾಡುತ್ತಾರಂತೆ. ಕಿವುಡರು ತೆಗೆದ ಚಿತ್ರವಾಗಿರಬೇಕು, ಇಲ್ಲವೇ ಕಿವುಡರ ಬಗ್ಗೆ ಇರಬೇಕು. ವಿಡಿಯೋದಲ್ಲಿ ಹೀಗೆ ಸನ್ನೆ ಮಾಡಿದವನು ಸಂಘದ ಅಧ್ಯಕ್ಷ, ನ್ಯಾಮತಿಯ ಟೇಲರ್ ಮಾಲತೇಶ್. ಅವನಿಗೂ ಕಿವಿ ಕೇಳಿಸದು. ಅವನ ಸನ್ನೆಗಳು ಇಸ್ತ್ರಿ ಮಾಡಿದ ಹಾಗೆ, ಒಂದು ಸುಕ್ಕಿಲ್ಲ. ಬೇರೆಯವರ ಸನ್ನೆ ಚೂರು ಸೊಟ್ಟಗಾದರೂ ಮಣಿಕಟ್ಟು ಹಿಡಿದು ತಿದ್ದುವ ಮನುಷ್ಯ.

ಅವತ್ತು ಮಧ್ಯಾಹ್ನ ನಾಗರತ್ನ ಯಾರದೋ ಆರತಕ್ಷತೆಯ ಫೋಟೋಗಳ ಮುಂದೆ ಕೂತಿದ್ದಳು. ಬಾಗಿಲಾಚೆ ಬಿಳಿ ಮೋಡವೊಂದು ಮೊಬೈಲ್ ಟವರಿಗೆ ಮೈ ಉಜ್ಜುತ್ತಾ ನಿಂತಿತ್ತು. ಅವಳ ಮುಷ್ಟಿಗಳು ತಾವಾಗಿಯೇ ಕಿವಿಯ ಪಕ್ಕಕ್ಕೆ ಬಂದು, ಮೇಲಕ್ಕೆ ಎದ್ದವು. ಗಿರಾಕಿಯೊಬ್ಬ ನೋಡುತ್ತಿದ್ದಾನೆ ಎಂದು ಗೊತ್ತಾದಾಗ ಕೂದಲು ಸರಿಮಾಡಿಕೊಂಡ ಹಾಗೆ ನಟಿಸಿದಳು. ಆದರೆ ಆ ಕ್ಷಣಕ್ಕೆ ಹೊಕ್ಕ ಯೋಚನೆ ಮತ್ತೆ ಬಿಡಲಿಲ್ಲ. ಅಜ್ಜಿಯ ಕೈಮಾತು ಬಲ್ಲವರು ಲೋಕದಲ್ಲಿ ಇಬ್ಬರೇ. ಇಬ್ಬರೇ ಆಡುವ ಮಾತು ಮಾತು ಹೌದೋ, ಅಲ್ಲವೋ? ಅದನ್ನು ಹೊನ್ನಾಳಿಯಲ್ಲಿ ಸೇರುವ ಅಷ್ಟೂ ಕಣ್ಣುಗಳ ಮುಂದೆ ಇಟ್ಟು ನೋಡಬೇಕು ಅನ್ನಿಸಿತು.

ಭಾನುವಾರ ಮನೆಯ ಮುಂದೆ ಮಂಚ ಹಾಕಿ ಅಜ್ಜಿಯನ್ನು ಕೂರಿಸಿದಳು. ಕುರ್ಚಿಯ ಮೇಲೊಂದು ಕುರ್ಚಿ ಇಟ್ಟು, ಜಡೆಯ ರಿಬ್ಬನ್ನಿನಿಂದ ಫೋನು ಕಟ್ಟಿ, ತಾನು ಅದರ ಹಿಂದೆ ನಿಂತಳು. ಬೊಮ್ಮಕ್ಕ ಮೋಡದ ಕುರಿಯ ಕಥೆ ಶುರುಮಾಡಿದಳು. ಮೊದಲ ತಿರುವಿಗೆ ಬಂದದ್ದೇ ಕೈ ಗಾಳಿಯಲ್ಲಿ ನಿಲ್ಲಿಸಿ ಕಾದಳು. ಮೊಣಕಾಲು ಅಲ್ಲಿ, ಮೊಮ್ಮಗಳು ಇಲ್ಲಿ. ಮುಂದೆ, ಮುಂದೆ ಎಂದು ನಾಗರತ್ನ ಫೋನಿನ ಹಿಂದಿನಿಂದ ಕೈ ಬೀಸಿದಳು.

"ಹೂಂ ಇಲ್ದೆ ಹೆಂಗೆ ಮುಂದೆ ಹೋಗ್ಲಿ? ನಾನೇನು ಟಿ.ವಿ.ಯೇನೇ ರತ್ನಿ?" ಬೊಮ್ಮಕ್ಕ ಬಾಯಲ್ಲೂ ಕೈಯಲ್ಲೂ ಬೈದಳು. ಆಮೇಲೆ ಮುನಿಸಿನಲ್ಲೇ ಕಥೆ ಮುಗಿಸಿದಳು. ಪ್ರತಿ ತಿರುವಿನಲ್ಲೂ ನಿಂತು, ಫೋನನ್ನು ದುರುಗುಟ್ಟಿ ನೋಡಿ, ಕಾದು ಕಾದು, ಸೋತು ಮುಂದೆ ಹೋದಳು.

ಸ್ಟುಡಿಯೋದಲ್ಲಿ ನೋಡಿದರೆ ಆ ನಿಲುಗಡೆಗಳೆಲ್ಲ ಉದ್ದವೋ ಉದ್ದ. ಅಜ್ಜಿಗೆ ಕಥೆ ಮರೆತಿದೆ ಅಂದುಕೊಂಡಾರು, ಮುದುಕಿಗೆ ಅರಳುಮರುಳು ಅಂದಾರು ಎಂದು ಅವಳಿಗೆ ಅಳುಕಾಯಿತು. ಮದುವೆ ವಿಡಿಯೋದಲ್ಲಿ ಗಂಡಿನ ಅಕ್ಕ ಆಕಳಿಸಿದ್ದನ್ನು ತೆಗೆದುಹಾಕುವಷ್ಟೇ ಸಲೀಸಾಗಿ ಎಲ್ಲವನ್ನೂ ಕತ್ತರಿಸಿದಳು. ಚಿತ್ರ ಚುರುಕಾಯಿತು. ಕಳಿಸಿದಳು. ಮಾಲತೇಶ್ ಒಂದು ಹೆಬ್ಬೆಟ್ಟು ವಾಪಸು ಕಳಿಸಿದ.

ಹೊನ್ನಾಳಿಯ ಸಮುದಾಯ ಭವನದ ಕಿಟಕಿಗಳಿಗೆಲ್ಲ ಜಮಖಾನ ಹೊದಿಸಿದ್ದರು. ಹೊರಗೆ ರಣಬಿಸಿಲು, ಒಳಗೆ ನಸುಗತ್ತಲು. ಜಮಖಾನದ ತೂತುಗಳಿಂದ ಬಿಸಿಲು ಚುಕ್ಕಿ ಚುಕ್ಕಿಯಾಗಿ ಇಳಿದು ಜನರ ಹೆಗಲು, ಬೆನ್ನುಗಳ ಮೇಲೆ ಕೂತಿತ್ತು. ನೂರಾರು ಕೈಗಳು ಆ ಚುಕ್ಕಿಗಳ ನಡುವೆ ಒಂದೇ ಸಮ ಹಾರಾಡುತ್ತಿದ್ದವು, ಯಾರೋ ಹಕ್ಕಿಗೂಡಿನ ಬಾಗಿಲು ತೆಗೆದಿಟ್ಟ ಹಾಗೆ. ನಾಗರತ್ನಳಿಗೆ ತಾನು ಬಸ್ಸಿನಲ್ಲೇ ನಿದ್ದೆಹೋಗಿ ಇದನ್ನೆಲ್ಲ ಕಾಣುತ್ತಿದ್ದೇನೋ ಅನ್ನಿಸಿತು.

ಬೊಮ್ಮಕ್ಕ ಅವಳನ್ನು ತಿವಿದಳು. "ಇಷ್ಟು ಜನ ಮಾತಾಡ್ತಾರೆ, ಒಂಚೂರು ಗದ್ದಲ ಇಲ್ಲ ನೋಡು. ನಮ್ಮೂರ ಪಂಚಾಯ್ತಿನೂ ಹಿಂಗೇ ನಡೆಸಾಕೆ ಹೇಳ್ಬೇಕು."

ಮುಂದುಗಡೆ ಅರುಣಾ ನಿಂತಿದ್ದಳು. ಹೊನ್ನಾಳಿಯವಳೇ. ಅಪ್ಪ ಅವ್ವ ಇಬ್ಬರೂ ಕಿವುಡರು, ಅವಳಿಗೆ ಮಾತ್ರ ಕಿವಿ ಕೇಳಿಸುತ್ತದೆ. ಬಾಯಿಮಾತನ್ನು ಸನ್ನೆಗೆ, ಸನ್ನೆಯನ್ನು ಬಾಯಿಮಾತಿಗೆ ತಿರುಗಿಸುವುದು ಅವತ್ತಿನ ಅವಳ ಕೆಲಸ. ಬೈಗುಳವನ್ನೂ ಬಿಡದೆ ತಿರುಗಿಸುತ್ತಾಳೆ ಎಂದು ಹೆಸರು ಪಡೆದವಳು.

ಮೊದಲ ಚಿತ್ರ ಕಿವಿ ಕೇಳಿಸುವವರು ತೆಗೆದದ್ದು. ಒಬ್ಬ ಕಿವುಡ ಮೂಗ ಹುಡುಗ, ಅವನಿಗೆ ಎಲ್ಲ ಕಷ್ಟಗಳೂ ಸಾಲಾಗಿ ಬರುತ್ತವೆ. "ಈಗ ಪಿಟೀಲು ಅಳ್ತಾ ಐತೆ," ಎಂದು ಅರುಣಾ ಸನ್ನೆ ಮಾಡಿದಳು. ಸ್ವಲ್ಪ ಹೊತ್ತಿಗೆ, "ಇನ್ನೂ ಅಳ್ತಾ ಐತೆ." ಕೊನೆಗೆ ಹುಡುಗ ದೇವರ ಮುಂದೆ ಬಾಯಿಬಿಟ್ಟು ಅಮ್ಮಾ ಎಂದಾಗ ಭವನವೆಲ್ಲ ನಕ್ಕು ಒಬ್ಬರ ಮೇಲೊಬ್ಬರು ಬಿದ್ದರು. ಚನ್ನಗಿರಿಯ ಚೌಡೇಶ್ವರಿ ತೆಗೆದದ್ದು ಎರಡನೆಯದು. ಕಿವುಡ ತಾಯಿಯೊಬ್ಬಳು ತೊಟ್ಟಿಲಿಗೆ ದಾರ ಕಟ್ಟಿ ಇನ್ನೊಂದು ತುದಿಯನ್ನು ತನ್ನ ಕಾಲ್ಬೆರಳಿಗೆ ಕಟ್ಟಿಕೊಂಡು ರೊಟ್ಟಿ ತಟ್ಟುತ್ತಾಳೆ. ಕೂಸು ಮಿಸುಕಿದರೆ ದಾರ ಎಳೆಯುತ್ತದೆ. ಅಷ್ಟೇ ಚಿತ್ರ. ಅದು ಮುಗಿದ ಮೇಲೆ ಜನ ಸ್ವಲ್ಪ ಹೊತ್ತು ತಮ್ಮ ತಮ್ಮ ಕಾಲನ್ನು ನೋಡಿಕೊಂಡರು. ಆಮೇಲೆ ಚಪ್ಪಾಳೆಗೆಂದು ಕೈಗಳೆಲ್ಲ ಮೇಲೆದ್ದು ಬೆರಳು ನಡುಗಿಸಿದವು.

ಮೂರನೆಯದು ನಾಗರತ್ನಳದು.

ಪರದೆಯ ತುಂಬ ಬೊಮ್ಮಕ್ಕ. ಕೈಗಳು ಓಡಿದವು. ಹುಡುಗಿ, ಹಿಂಡು, ಕುಂಟು ಕುರಿ, ಗುಡ್ಡ, ಗಾಳಿ, ಮೋಡ, ಮತ್ತೆ ಕುರಿ, ಮತ್ತೆ ಮೋಡ. ಒಂದರ ಬಾಲಕ್ಕೆ ಇನ್ನೊಂದು. ನಾಗರತ್ನ ಪರದೆ ಬಿಟ್ಟು ಜನರ ಮುಖ ನೋಡಿದಳು. ಹುಬ್ಬುಗಳು ಗಂಟಾಗಿದ್ದವು. ಪಕ್ಕದ ಸಾಲಿನಲ್ಲಿ ಒಬ್ಬ ಇನ್ನೊಬ್ಬನನ್ನು ಕೇಳಿದ, "ಕುರಿಯಾ? ತಲೆ ಮೇಲೆ ಕುರಿಯಾ?" ಅವನು ನಕ್ಕ. ನಗು ಸಾಲಿನಿಂದ ಸಾಲಿಗೆ ದಾಟಿತು, ಹಾಸ್ಟೆಲ್ಲಿನಲ್ಲಿ ದಾಟಿದ ಹಾಗೆಯೇ. ಹಿಂದೆ ಕೂತವರು ಫೋನು ತೆಗೆದರು. ಇಂಥ ಸಭೆಯಲ್ಲಿ ಕಣ್ಣು ಬೇರೆ ಕಡೆ ಹೊರಳಿಸುವುದೆಂದರೆ ಎದ್ದು ಹೋದಂತೆಯೇ. ಇದು ಮಾತಲ್ಲ, ಅಜ್ಜಿ ಮೊಮ್ಮಗಳ ಆಟ ಎಂದು ತೀರ್ಮಾನವಾಗಿಹೋಯಿತು ಅಂದುಕೊಂಡಳು ನಾಗರತ್ನ.

ಪಕ್ಕದ ಕುರ್ಚಿ ಖಾಲಿಯಾಗಿತ್ತು. ಬೊಮ್ಮಕ್ಕ ಸೀದಾ ಮಾಲತೇಶನ ಮೇಜಿನ ಹತ್ತಿರ ಹೋಗಿ ಪ್ರೊಜೆಕ್ಟರಿನ ಬೆಳಕಿಗೆ ಅಂಗೈ ಅಡ್ಡ ಹಿಡಿದಳು. ಪರದೆಯ ಮೇಲೆ ಐದು ಬೆರಳು ತಾಳೆಮರದಷ್ಟು ಎತ್ತರ ಎದ್ದು ಕಥೆಯನ್ನು ಮುಚ್ಚಿಬಿಟ್ಟವು. ಮಾಲತೇಶ್ ಗಾಬರಿಯಾಗಿ ಚಿತ್ರ ನಿಲ್ಲಿಸಿ ದೀಪ ಹಾಕಿಸಿದ.

"ಅದು ನಾನಲ್ಲ," ಎಂದಳು ಬೊಮ್ಮಕ್ಕ. ಅರುಣಾ ಓಡಿಬಂದು ಸನ್ನೆಗೆ ತಿರುಗಿಸಿದಳು. "ಯಾರೋ ಬೆನ್ನತ್ತಿದಂಗೆ ಓಡ್ತಾ ಅದಾಳೆ ಆಕಿ. ನಾನು ಯಾವತ್ತು ಹೂಂ ಇಲ್ದೆ ಕಥೆ ಹೇಳೀನಿ? ನಿಂತ್ಕಂಡು ಕಾದಿದ್ನಲ್ಲ, ಅದೆಲ್ಲ ಎಲ್ಲಿ ಹೋತು?"

ಮಾಲತೇಶ್ ಗಡಿಯಾರ ತೋರಿಸಿ ಏನೋ ಹೇಳಿದ.

"ಏನಂತಾನೆ ಟೇಲರಪ್ಪ?"

"ಇನ್ನೂ ಚಿತ್ರ ಅದಾವೆ, ಟೈಮ್ ಇಲ್ಲ ಅಂತಾರೆ ಅಜ್ಜಿ. ಕುಂದ್ರಿ."

"ಅವನ ಹತ್ರ ಇಲ್ದಿದ್ರೆ ನನ್ನ ಹತ್ರ ಐತೆ, ತಗಳ್ಳಾಕೆ ಹೇಳವ್ವ."

ಅರುಣಾ ಅದನ್ನೂ ಬಿಡದೆ ತಿರುಗಿಸಿದಳು. ಜನ ಫೋನು ಕೆಳಗಿಟ್ಟರು. ಅಧ್ಯಕ್ಷನ ಹತ್ತಿರ ಹೀಗೆ ಮಾತಾಡಿದವರನ್ನು ಅವರು ನೋಡಿರಲಿಲ್ಲ.

ಬೊಮ್ಮಕ್ಕ ಈಗ ಮೊಮ್ಮಗಳ ಕಡೆ ತಿರುಗಿ ಮನೆಯ ಕೈಯಲ್ಲಿ ಕೇಳಿದಳು, "ನಾನು ಎಲ್ಲೆಲ್ಲಿ ನಿಂತಿದ್ದೆ, ನಿಂಗೆ ಗೊತ್ತಲ್ಲ?"

ಗೊತ್ತಿತ್ತು. ಕತ್ತರಿಸಿದವಳಿಗೆ ಗೊತ್ತಿಲ್ಲದೆ ಇನ್ನಾರಿಗೆ? ನಾಗರತ್ನ ಎದ್ದು ಹೋಗಿ ಮಾಲತೇಶನ ಪಕ್ಕ ಕೂತು, ಲ್ಯಾಪ್‌ಟಾಪನ್ನು ತನ್ನ ಕಡೆ ಎಳೆದುಕೊಂಡಳು. ಆಮೇಲೆ ಸಭೆಯ ಕಡೆ ತಿರುಗಿ ಶಾಲೆಯ ಸನ್ನೆಯಲ್ಲಿ ಹೇಳಿದಳು, "ಮೊದಲಿಂದ ಹಾಕ್ತೀನಿ. ನಡುನಡುವೆ ಅಜ್ಜಿ ಕಾಯ್ತಾರೆ. ಅರ್ಥ ಆದ್ರೆ ಮುಂದಿನ ಕುರ್ಚಿ ಕುಟ್ಟಿ. ಕುಟ್ಟೋವರೆಗೂ ಕಥೆ ಮುಂದೆ ಹೋಗಲ್ಲ."

ಕುರಿ ಕಾಯುವ ಹುಡುಗಿಯ ಕುಂಟು ಕುರಿ ಕಾಣೆಯಾಯಿತು. ಹುಡುಗಿ ಗುಡ್ಡ ಹತ್ತಿದಳು. ಬೊಮ್ಮಕ್ಕನ ಮುಷ್ಟಿಗಳು ಕಿವಿ ಬಿಟ್ಟು ತಲೆಯ ಮೇಲಕ್ಕೆ ಎದ್ದವು. ನಾಗರತ್ನ ಅಲ್ಲಿ ನಿಲ್ಲಿಸಿದಳು.

ಯಾರೂ ಕುಟ್ಟಲಿಲ್ಲ. ಪರದೆಯ ಅಜ್ಜಿ ಕೈ ಎತ್ತಿಕೊಂಡೇ ಇದ್ದಳು. ಕೊನೆಗೆ ಹೊನ್ನಾಳಿಯ ನಿಂಗರಾಜ್ ಎಂಬವನು ಎದ್ದು ನಿಂತ. "ಅದೇನು, ಕೊಂಬಾ?"

"ಕುರಿ," ಎಂದಳು ನಾಗರತ್ನ.

"ಕುರಿ ಮೇಲೆ ಯಾಕೆ ಹೋಯ್ತು?"

ಅವಳು ಉತ್ತರ ಹುಡುಕುವಷ್ಟರಲ್ಲಿ ಚೌಡೇಶ್ವರಿ ಕೈ ಆಡಿಸಿದಳು. "ಮೇಲೆ ಉಣ್ಣೆ ಉಣ್ಣೆಯಾಗಿ ಮೇಯ್ತಾ ಇರೋದು ಏನು ಹೇಳು ನೋಡೋಣ." ನಿಂಗರಾಜ್ ಸೂರನ್ನು ನೋಡಿದ. ಸೂರಿನಾಚೆಯದೂ ಕಂಡಿತೇನೋ, ಮುಖ ಬಿಚ್ಚಿಕೊಂಡಿತು. ಮುಂದಿನ ಕುರ್ಚಿಯ ಬೆನ್ನಿಗೆ ಒಂದು ಕುಟ್ಟಿದ. ಆ ಕುರ್ಚಿಯವನು ಅದರ ಮುಂದಿನದಕ್ಕೆ. ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಹೂಂ ಸಾಲಿನಿಂದ ಸಾಲಿಗೆ ನಡುಗುತ್ತಾ ಬಂದು ನಾಗರತ್ನಳ ಮೇಜಿನ ಕಾಲಿಗೆ ತಾಕಿತು. ಅವಳು ಗುಂಡಿ ಒತ್ತಿದಳು. ಅಜ್ಜಿ ಮುಂದುವರಿದಳು.

ಗುಡ್ಡದ ನೆತ್ತಿಯಲ್ಲಿ ಮೋಡಗಳ ಹಿಂಡು. ಅದರ ನಡುವೆ ಕುಂಟು ಕುರಿ, ಕಾಲು ನೆಲಕ್ಕಿಲ್ಲ, ಆದ್ದರಿಂದ ಕುಂಟೂ ಇಲ್ಲ. ನಿಲುಗಡೆ. ಕುಟ್ಟಿದರು. ಹುಡುಗಿ ಒಂದು ಹಿಡಿ ಉಣ್ಣೆ ಕಿತ್ತು ಕೆಳಕ್ಕೆ ಬಿಟ್ಟಳು; ಬಿದ್ದಲ್ಲೆಲ್ಲ ಹನಿ. ಕುಟ್ಟಿದರು. ಕೆಳಗೆ ಬಾ ಎಂದು ಕರೆದಳು, ಅದು ಬರಲಿಲ್ಲ. ಇಲ್ಲಿ ಒಬ್ಬಾಕೆ ಎದ್ದು, ಬರದೇ ಇರೋದೇ ಸರಿ, ಬಂದರೆ ಮತ್ತೆ ಕುಂಟಬೇಕಲ್ಲ ಎಂದು ತಕರಾರು ತೆಗೆದಳು. ಇನ್ನೊಬ್ಬನು ಕಥೆಯ ಹುಡುಗಿಯ ಪರ ವಾದಿಸಿದ. ಅಷ್ಟು ಹೊತ್ತೂ ಪರದೆಯ ಬೊಮ್ಮಕ್ಕ ಕೈ ಎತ್ತಿ ಹಿಡಿದು ಕಾದಳು. ಕುರ್ಚಿಯ ಬೊಮ್ಮಕ್ಕ ಎಲೆ ಅಡಿಕೆ ಹಾಕಿಕೊಂಡು, ಕಥೆ ದಾರಿಗೆ ಬಂತು ಎಂಬಂತೆ ಕಾಲಾಡಿಸಿದಳು.

ಕೊನೆಗೆ ಹುಡುಗಿ ಕುರಿಯನ್ನು ಅಲ್ಲಿಯೇ ಬಿಟ್ಟಳು. ಸಂಜೆ ಸಂಜೆ ಗುಡ್ಡ ಹತ್ತಿ, ಕಿವಿಯ ಪಕ್ಕದ ಮುಷ್ಟಿಗಳನ್ನು ತಲೆಯ ಮೇಲೆ ಎತ್ತುತ್ತಿದ್ದಳು. ಆ ಎತ್ತರಕ್ಕೆ ಕೂಗು ಹೋಗದು, ಕೈ ಕಾಣುತ್ತದೆ. ಕುರಿ ನೋಡುತ್ತಿತ್ತು. ನೋಡಿ ಬರುತ್ತಿತ್ತು, ಅವಳ ತಲೆಯ ಮೇಲೆ ನೆರಳಾಗಿ ನಿಲ್ಲುತ್ತಿತ್ತು.

ಕುರ್ಚಿ ಕುಟ್ಟಲು ಯಾರಿಗೂ ಕೈ ಬಿಡುವಿರಲಿಲ್ಲ. ಒಂದೊಂದಾಗಿ ಮುಷ್ಟಿಗಳು ಮೇಲೇರಿದವು, ಮುಂದಿನ ಸಾಲು, ನಡುವಿನ ಸಾಲು, ಬಾಗಿಲ ಬಳಿ ನಿಂತವರು. ಬಿಸಿಲಿನ ಚುಕ್ಕಿಗಳು ಆ ಮುಷ್ಟಿಗಳ ಮೇಲೆ ಕೂತವು. ನಾಗರತ್ನ ತನ್ನ ಮೋಡವನ್ನು ಅಷ್ಟು ಜನರ ತಲೆಯ ಮೇಲೆ ನೋಡಿದಳು. ಒಂದು ಹಿಂಡೇ ಇತ್ತು.

ಮಾಲತೇಶ್ ಮಾತ್ರ ಕೈ ಎತ್ತಿರಲಿಲ್ಲ.

ಚಿತ್ರಗಳೆಲ್ಲ ಮುಗಿದು ಜನ ಚಹಾಕ್ಕೆ ಹೋದರು. ಕಿಟಕಿಯ ಜಮಖಾನ ಇಳಿಸಿದ್ದೇ ತಡ, ಸಂಜೆಯ ಬಿಸಿಲು ಒಳಗೆ ನುಗ್ಗಿತು. ವೈರು ಸುತ್ತುತ್ತಿದ್ದ ಮಾಲತೇಶ್ ನಾಗರತ್ನಳ ಹತ್ತಿರ ಬಂದ.

"ಮೋಡ ಅಂದ್ರೆ ಹೀಗೆ," ಎಂದು ಇಸ್ತ್ರಿ ಮಾಡಿದ ಸನ್ನೆ ತೋರಿಸಿದ.

"ಗೊತ್ತು," ಎಂದಳು ನಾಗರತ್ನ. "ಅದೂ ಇರಲಿ, ಇದೂ ಇರಲಿ."

ಅವನು ಹೊರಟು, ಮತ್ತೆ ನಿಂತ. ಆ ಕಡೆ ಈ ಕಡೆ ನೋಡಿದ. ಆಮೇಲೆ ಅವನ ಬಲಗೈ ಎದೆಯ ಹತ್ತಿರ ಸುಕ್ಕುಸುಕ್ಕಾಗಿ, ಅಳತೆ ತಪ್ಪಿ, ಏನನ್ನೋ ಮಾಡಿತು. ತನಗೇ ನಾಚಿಕೆಯಾದವನಂತೆ ಕೈ ಜೇಬಿಗಿಟ್ಟುಕೊಂಡ.

"ಏನದು?"

"ನಮ್ಮ ಅವ್ವನ ಕೈ. ಗೋವಿನಕೋವಿಯಲ್ಲಿ, ಸಣ್ಣವನಿದ್ದಾಗ. ಶಾಲೆಗೆ ಹೋದ ಮೇಲೆ ಯಾರಿಗೂ ತೋರಿಸಿಲ್ಲ." ಎಡಗೈಯೊಂದರಲ್ಲೇ ಮುಂದುವರಿಸಿದ, "ಅವಳದೂ ಒಂದು ಕಥೆ ಐತೆ."

ನಾಗರತ್ನ ಫೋನು ತೆಗೆದು ಅವನ ಕಡೆ ಹಿಡಿದಳು. ಹಿಡಿದವಳು ಕೆಳಗಿಳಿಸಿ, ಅರುಣಾಳನ್ನು ಕರೆದು ಅವಳ ಕೈಗೆ ಕೊಟ್ಟಳು. ತಾನು ಒಂದು ಕುರ್ಚಿ ಎಳೆದು ಅವನ ಎದುರು ಹೂಂ ಕುಟ್ಟುವಷ್ಟು ಹತ್ತಿರವಾಗಿ ಕೂತಳು.

"ಕಡೇ ಬಸ್ಸು ಹೋಗುತ್ತೆ ರತ್ನಿ," ಎಂದಳು ಬೊಮ್ಮಕ್ಕ. ಹೇಳಿದವಳು ತಾನೂ ಕೂತಳು.

ಮಾಲತೇಶ್ ಜೇಬಿನಿಂದ ಕೈ ತೆಗೆದು ಶುರುಮಾಡಿದ. ಮೊದಲ ಸನ್ನೆಯೇ ನಾಗರತ್ನಳಿಗೆ ಅರ್ಥವಾಗಲಿಲ್ಲ. ಇನ್ನೊಂದು ಸಲ ಎಂದು ಕೇಳಿದಳು.