ಚೀಟಿ ಕಿತ್ತ ಡಬ್ಬಿ

ನಾನು ಒಂದು ಬಿಳಿ ಪ್ಲಾಸ್ಟಿಕ್ ಡಬ್ಬಿ. ಕಾರ್ಖಾನೆಯ ಯಂತ್ರ ನನ್ನನ್ನು ಬಿಸಿಬಿಸಿಯಾಗಿ ಉಗುಳಿತು. ಹೊಟ್ಟೆಗೆ ಎಚ್‌ಐವಿ ಮಾತ್ರೆ ತುಂಬಿ, ಮೈಗೆ ಅದರ ಹೆಸರಿನ ಚೀಟಿ ಅಂಟಿಸಿದರು. ಜೀವ ಕಾಯುವವನು ನಾನು ಎಂದು ಬೀಗುತ್ತಾ ಆಸ್ಪತ್ರೆಗೆ ಬಂದೆ.

ನನ್ನನ್ನು ಒಯ್ದವನು ಪಂಕ್ಚರ್ ಹಾಕುವ ಯಲಗೂರಪ್ಪ. ಗೇಟು ದಾಟುತ್ತಲೇ ಉಗುರಿನಿಂದ ಕೆರೆದು ನನ್ನ ಚೀಟಿ ಕಿತ್ತ. ಬಸ್ಸಿನಲ್ಲಿ ಮಾತ್ರೆ ಸದ್ದು ಮಾಡದಿರಲೆಂದು ಬಾಯಿಗೆ ಹತ್ತಿ ತುರುಕಿದ. ಅಲ್ಲಿ ಎಲ್ಲರೂ ಹಾಗೇ ಮಾಡುತ್ತಾರಂತೆ. ನನಗೆ ಮೈಯೆಲ್ಲ ಉರಿಯಿತು. ನಾನೇನು ಕಳ್ಳಮಾಲೇ?

ಮನೆಗೆ ಹೋದೆವು. ಅಣ್ಣ ಸಂಗನಬಸು ರೋಗ ಅಂಟೀತೆಂದು ತಮ್ಮನ ತಾಟು, ಲೋಟ ಬೇರೆ ಮಾಡಿದ್ದ. ಬೀಡಿ ಮಾತ್ರ ತಾನೇ ಕೊಡುತ್ತಿದ್ದ!

"ಸೇದೋ ತಮ್ಮಾ. ಹೆಂಗೂ ಹೋಗೂ ಜೀವ. ಬಿಟ್ಟು ಏನ್ ಗಳಸ್ತಿ?"

ಎದೆ ಢವಗುಟ್ಟಿದಾಗಲೆಲ್ಲ ಯಲಗೂರಪ್ಪ ಬೀಡಿ ಹಚ್ಚುತ್ತಿದ್ದ. ನನ್ನ ಮಾತ್ರೆ ಉಳಿಸಿದ ಜೀವವನ್ನು ಹೊಗೆ ಸುಡುತ್ತಿತ್ತು. ನನ್ನನ್ನು ಹಿಡಿದು ಮತ್ತೆ ಆಸ್ಪತ್ರೆಗೆ ಹೋದಾಗ ಡಾಕ್ಟರ್ ಸಾಹೇಬರು "ಸೇದಬ್ಯಾಡ ಅಂದ್ರ ತಿಳೀದಿಲ್ಲೇನು?" ಎಂದು ಗದರಿ ಮುಂದಿನವರನ್ನು ಕರೆದರು. ಯಾಕೆ ಸೇದುತ್ತೀ ಎಂದು ಒಂದು ಮಾತು ಕೇಳಬಾರದೇ?

ಕೇಳಿದವರು ಅದೇ ಆಸ್ಪತ್ರೆಯ ಕೌನ್ಸೆಲರ್ ಮಮತಾಜ.

"ಬೀಡಿ ಹಚ್ಚೂಕಿಂತ ಮೊದ್ಲ ಮನಸಿಗೆ ಏನ್ ಆಗತೈತಿ?"

"ಅಂಜಿಕಿ ಬರತೈತ್ರೀ ಅಕ್ಕಾರ. ಬೆಳಗಾಗೂದ ಬ್ಯಾಡ ಅನಸ್ತೈತಿ."

"ಹಂಗಾದ್ರ ಅದಕ್ಕೂ ಔಷಧ ಮಾಡೂಣು. ಎರಡೂ ಕೂಡೇ ನೋಡೂಣು."

ಮನಸ್ಸಿನ ಡಾಕ್ಟರ ಬಳಿ ಅವರೇ ಕರೆದೊಯ್ದರು. ಬೀಡಿಯ ಚಪಲ ತಗ್ಗಿಸಲು ಅಗಿಯುವ ನಿಕೋಟಿನ್ ಗಮ್ ಕೊಡಿಸಿದರು. ಅವನು ನಡುವೆ ಸೇದಿಬಿಟ್ಟು, ತಲೆ ತಗ್ಗಿಸಿ ಬಂದಾಗಲೂ ಬೈಯಲಿಲ್ಲ. "ಸೇದಿದ್ರ ಸೇದಿದಿ. ತಿರುಗಿ ಬಂದಿಯಲ್ಲ, ಮತ್ತ ಶುರು ಮಾಡು."

ನನ್ನ ಮಾತ್ರೆ ಮುಗಿಯಿತು, ಹೊಸ ಡಬ್ಬಿ ಬಂತು. ಯಲಗೂರಪ್ಪ ನನ್ನನ್ನು ಬಿಸಾಡಲಿಲ್ಲ. ತೊಳೆದು ಒಣಗಿಸಿ, ಬೀಡಿಯ ಆಸೆಯಾದಾಗ ಅಗಿಯಲು ಬಡೇಸೋಪು, ಅಂದರೆ ಸೋಂಪು ಕಾಳು, ತುಂಬಿದ.

ಒಂದು ದಿನ ಊಟವಾದ ಮೇಲೆ ಅಣ್ಣ ಬೀಡಿ ಚಾಚಿದ. "ತಗೋಲೇ. ಹೋಗೂ ಜೀವಕ್ಕ ಎಷ್ಟ್ ಸೋಗು!"

ಯಲಗೂರಪ್ಪ ಕೈ ಮುಂದೆ ಮಾಡಿದ. ಬೀಡಿಯತ್ತ ಹೊರಟ ಕೈ ಹಿಂದೆ ಬಂದು ನನ್ನ ಮುಚ್ಚಳ ತಿರುವಿತು.

"ಹೋಗೂದಿಲ್ಲೋ ಅಣ್ಣಾ. ಇರಾಂವ ಅದೀನಿ. ನನ್ನ ತಾಟು ನಿಮ್ಮ ಸಂಗಾಟ ಇಡು. ತಗೋ, ಬಡೇಸೋಪು."

ಅಣ್ಣ ಮುಟ್ಟಲಿಲ್ಲ. ಎದ್ದು ಹೋದ.

ಈಗ ನಾನು ಅಡುಗೆಮನೆಯ ಗೂಡಿನಲ್ಲಿದ್ದೇನೆ. ಮುಚ್ಚಳ ಸವೆದಿದೆ, ಮೈ ಹಳದಿಯಾಗಿದೆ. ಯಲಗೂರಪ್ಪ ಆಮೇಲೆ ಬೀಡಿ ಮುಟ್ಟಿಲ್ಲ. ಅವನ ತಾಟು ಇನ್ನೂ ಬೇರೆಯೇ ಇದೆ. ಅಣ್ಣ ಮಾತ್ರ ಯಾರೂ ಇಲ್ಲದಾಗ ಬಂದು, ನನ್ನೊಳಗೆ ಕೈ ಹಾಕಿ ಬಡೇಸೋಪು ಮುಕ್ಕುತ್ತಾನೆ. ನಾನು ಒಳಗೊಳಗೇ ಕುದಿಯುತ್ತೇನೆ: ನಿನ್ನ ತಮ್ಮ ಬೀಡಿ ಬಿಟ್ಟ. ನೀನು ಆ ತಾಟು ಬೇರೆ ಇಡುವ ಚಟ ಯಾವಾಗ ಬಿಡುತ್ತೀಯಪ್ಪಾ?