ತಿಂಡಿ ತಿಂದವರ ಫಲಿತಾಂಶ

ಶಾಲೆಯ ಅಡುಗೆಮನೆಗೆ ಒಂದು ವರ್ಷದ ಗಡುವಿತ್ತು. ಬೆಳಗಿನ ತಿಂಡಿ ತಿಂದ ಮಕ್ಕಳು ಪರೀಕ್ಷೆಯಲ್ಲಿ ಮೇಲೆ ಬಂದರೆ ಒಲೆ ಉರಿಯುತ್ತದೆ, ಇಲ್ಲದಿದ್ದರೆ ಆರುತ್ತದೆ ಎಂದು ಅಧಿಕಾರಿಗಳು ಹೇಳಿ ಹೋಗಿದ್ದರು. ಅಡುಗೆಯಾಕೆ ಕೇಳಿ ನಕ್ಕಿದ್ದಳು. ಹೊಟ್ಟೆ ತುಂಬಿದರೆ ತಲೆ ಓಡುತ್ತದೆ ಎನ್ನುವುದಕ್ಕೂ ಸಾಕ್ಷಿ ಬೇಕೇ? ಓದಿದವರ ಬುದ್ಧಿಗೆ ಏನೆನ್ನೋಣ! ಬೇಕೆಂದರೆ ಸಾಕ್ಷಿ ಕಣ್ಣೆದುರೇ ಇತ್ತು. ಆ ಶಾಲೆಯ ಮುಖ್ಯೋಪಾಧ್ಯಾಯಿನಿ ಅವಳ ಒಡಹುಟ್ಟಿದ ತಂಗಿ. ತಾಯಿಯಿಲ್ಲದ ಆ ಕೂಸಿಗೆ ದಿನಾ ಬೆಳಿಗ್ಗೆ ಉಣಿಸಿ, ಜಡೆ ಹೆಣೆದು ಶಾಲೆಗೆ ಕಳಿಸಿದವಳು ಇವಳೇ.

ವರ್ಷವಿಡೀ ಮೈಮುರಿದು ದುಡಿದಳು. ಬ್ರೆಡ್ಡು, ಬೇಯಿಸಿದ ಮೊಟ್ಟೆ, ಬಿಸಿ ಹಾಲು. ಕೊನೆಯ ತರಗತಿಯಲ್ಲಿ ಕಡ್ಡಿಯಂಥ ಹುಡುಗಿಯೊಬ್ಬಳಿದ್ದಳು. ಎಷ್ಟು ಬಡಿಸಿದರೂ "ಇನ್ನೊಂಚೂರು" ಅನ್ನುತ್ತಿದ್ದಳು, ಅದೇ ಅವಳ ಹೆಸರಾಗಿಹೋಯಿತು. ಲೆಕ್ಕದಲ್ಲಿ ಹಿಂದೆ, ತಟ್ಟೆ ಹಿಡಿಯುವುದರಲ್ಲಿ ಮುಂದೆ. ಮೊದಲು ಬೆಂಚಿನ ಮೇಲೆ ತೂಕಡಿಸುತ್ತಿದ್ದವಳು ಈಗ ಅಡುಗೆಮನೆ ಬಾಗಿಲಲ್ಲಿ ನಿಂತು ಮಗ್ಗಿ ಒಪ್ಪಿಸುತ್ತಿದ್ದಳು. ಹದಿಮೂರರ ಮಗ್ಗಿಯಲ್ಲಿ ದಿನಾ ಎಡವುತ್ತಿದ್ದಳು, ದಿನಾ ಮತ್ತೆ ಶುರು ಮಾಡುತ್ತಿದ್ದಳು.

ಪರೀಕ್ಷೆಯ ದಿನ ಒಂಬತ್ತು ತಟ್ಟೆ ಉಳಿದವು. ಇನ್ನೊಂಚೂರು ಕೂಡ ಬಂದಿರಲಿಲ್ಲ.

"ಜ್ವರ ಇರ್ಬೇಕು ಬಿಡಕ್ಕ," ಎಂದಳು ತಂಗಿ.

ಒಂಬತ್ತು ಮಕ್ಕಳಿಗೂ ಒಂದೇ ದಿನ ಜ್ವರವೇ ಎಂದು ಕೇಳಬೇಕಿತ್ತು. ಎತ್ತಿ ಆಡಿಸಿದ ತಂಗಿಯ ಮಾತು, ನಂಬಿದಳು.

ಫಲಿತಾಂಶ ಬಂತು. ಪರೀಕ್ಷೆಗೆ ಕೂತವರೆಲ್ಲ ಪಾಸು! ಅಡುಗೆಯಾಕೆಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಇನ್ನೊಂಚೂರೂ ಜ್ವರದಲ್ಲೇ ಬರೆದು ಪಾಸಾದಳೆಂದುಕೊಂಡು, ಸಕ್ಕರೆ ಹಾಕಿ ಹಾಲು ಕಾಯಿಸಿ ಅವಳ ಮನೆಗೇ ಹೋದಳು.

"ನಾನು ಬರ್ದೇ ಇಲ್ಲ ಅಜ್ಜಿ," ಎಂದಳು ಹುಡುಗಿ. "ದೊಡ್ಡ ಟೀಚರು ಬರ್ಬೇಡ ಅಂದ್ರು. ನೀವು ಒಂಬತ್ತು ಜನ ಫೇಲಾದ್ರೆ ಅಜ್ಜಿ ಅಡುಗೆಮನೆ ಮುಚ್ಚಿಬಿಡ್ತಾರೆ ಅಂದ್ರು. ನಾನು ಯಾರಿಗೂ ಹೇಳಿಲ್ಲ, ಆಯ್ತಾ?"

ಹಾಲಿನ ಪಾತ್ರೆ ಅಲ್ಲೇ ಇಟ್ಟು ಅಡುಗೆಯಾಕೆ ನೇರ ತಂಗಿಯ ಕೋಣೆಗೆ ನುಗ್ಗಿದಳು.

"ನಿನ್ನ ಒಲೆ ಉಳೀಲಿ ಅಂತಾನೇ ಮಾಡ್ದೆ ಅಕ್ಕ," ತಂಗಿ ಕಡತದಿಂದ ತಲೆ ಎತ್ತಲಿಲ್ಲ. "ಮುಂದಿನ ವರ್ಷ ಬರೀತಾರೆ. ಬರೀದಿದ್ರೂ ಏನಾಯ್ತು? ನೀನೂ ಶಾಲೆ ಬಿಟ್ಟವಳೇ ಅಲ್ವಾ, ಹಾಳಾಗಿ ಹೋದ್ಯಾ?"

"ನಿಂಗೆ ಬೆಳಿಗ್ಗೆ ಬೇಯಿಸಿ ಹಾಕೋರು ಇರ್ಲಿಲ್ಲ ಅಂತ ಬಿಟ್ಟೆ ಕಣೇ."

ತಂಗಿ ಗಡಿಯಾರ ನೋಡಿದಳು. "ನಾಳೆ ಸಭೇಲಿ ಅಧಿಕಾರಿಗಳು ನಿನ್ನೇ ಕೇಳ್ತಾರೆ. ನೂರು ಮಕ್ಕಳ ಹೊಟ್ಟೆ ನೆನಪಿಟ್ಕೊಂಡು ಮಾತಾಡು."

ಉಂಡ ಮನೆಯ ಜಂತೆ ಎಣಿಸುವುದು ಅಂದರೆ ಇದೇ. ಹೊರಗಿನವರು ಮಾಡಿದ್ದರೆ ನಾಲ್ಕು ಬೈದು ಹಗುರಾಗಬಹುದಿತ್ತು. ತಾನೇ ತುತ್ತಿಟ್ಟು ಬೆಳೆಸಿದ ಬಾಯಿ ಇದು.

ಮರುದಿನ ಸಭೆಯಲ್ಲಿ ಊರೇ ಸೇರಿತ್ತು. "ತಿಂಡಿ ತಿಂದ ಮಕ್ಕಳೆಲ್ಲ ಪಾಸಾದ್ರಂತೆ, ನಿಜಾನಾ ಅಮ್ಮ?" ಎಂದು ಅಧಿಕಾರಿ ಕೇಳಿದರು. ನಿಜ ಹೇಳಿದರೆ ನಾಳೆ ಬೆಳಿಗ್ಗೆ ನೂರು ತಟ್ಟೆ ಖಾಲಿ. ಅಡುಗೆಯಾಕೆ ತಲೆ ತಗ್ಗಿಸಿಕೊಂಡೇ ಎದ್ದು ನಿಂತಳು.

"ಹೌದು ಸ್ವಾಮಿ. ಎಲ್ಲರೂ."

ಚಪ್ಪಾಳೆ ಬಿತ್ತು. ಅವಳು ತಲೆ ಎತ್ತಿ ನೋಡಿದಳು. ಹಿಂದಿನ ಸಾಲಿನಲ್ಲಿ ಇನ್ನೊಂಚೂರು ಎದ್ದು ನಿಂತು, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದಳು.