ಚಪ್ಪಾಳೆಯ ಬೇಲಿ

ಚಪ್ಪಾಳೆ ಇನ್ನೂ ಗೋಡೆಯ ಹತ್ತಿರವೇ ಇದೆ, ಎರಡು ಸುತ್ತು ಕುಣಿದರೂ ಲಂಗಕ್ಕೆ ಯಾರೂ ತಾಗಿಲ್ಲ, ಇವತ್ತಷ್ಟೇ ನನ್ನ ಗಂಡನಾದ ಆಸ್ಗರನ ಅಂಗೈ ಬೆವರು, ನನಗೆ ಗೊತ್ತು ಇದು ಹೇಗೆ ನಡೆಯುತ್ತದೆ ಅಂತ, ಇಲ್ಲಿ ಡೆನ್ಮಾರ್ಕಿನಲ್ಲಿ ಮದುಮಕ್ಕಳು ಕುಣಿಯುತ್ತಿದ್ದಂತೆ ಸುತ್ತ ನಿಂತವರು ಚಪ್ಪಾಳೆ ತಟ್ಟುತ್ತ ಒಂದೊಂದೇ ಹೆಜ್ಜೆ ಒಳಗೆ ಬರುತ್ತಾರೆ, ಕೊನೆಗೆ ಕುಣಿಯೋಕೆ ಜಾಗವೇ ಉಳಿಯುವುದಿಲ್ಲ, ಶಾಲೆಗೆ ಸೇರುವ ಮೊದಲೇ ನೋಡಿದ್ದೆ, ಗ್ರೀನ್‌ಲ್ಯಾಂಡಿನ ನಮ್ಮ ಮನೆಯಲ್ಲಿ, ಒಣಮೀನು ಅಗಿಯುತ್ತ ಕೂತ ನನ್ನ ಅಜ್ಜಿ ಆನಾಳ ಮಡಿಲಲ್ಲಿ — ಟೀವಿಯಲ್ಲಿ ಡೆನ್ಮಾರ್ಕಿನ ಯಾವುದೋ ಧಾರಾವಾಹಿ, ಹಿಮಗಾಳಿಗೆ ಚಿತ್ರ ನಿಂತುಬಿಟ್ಟಿತು, ಸುತ್ತಿನ ನಡುವೆ ಮದುಮಗಳು, ಬಾಯಿ ತೆರೆದು. ಏನಂತಾಳೆ ಅವಳು, ಆನಾ ಕೇಳಿದಳು, ಅವಳಿಗೆ ಡ್ಯಾನಿಶ್ ಬಾರದು, ಟೀವಿ ಮುಂದೆ ನಾನೇ ದುಭಾಷಿ, ನಗ್ತಿದ್ದಾಳೆ, ಆನಾ, ಅಂದೆ.

ಎಲ್ಲ ಹಾಗೇ ಕಲಿತದ್ದು, ಲೋಟ ಎತ್ತಿದರೆ ಕುಡಿಯುವ ಮೊದಲೂ ಆಮೇಲೂ ಕಣ್ಣಲ್ಲಿ ಕಣ್ಣಿಡಬೇಕು, ಉಂಡ ಮೇಲೆ ಥ್ಯಾಂಕ್ಸ್, ಮತ್ತೆ ಸಿಕ್ಕಾಗ ಹೋದ ಸಲದ್ದಕ್ಕೂ ಥ್ಯಾಂಕ್ಸ್, ಅತ್ತೆ ಲಿಸ್ಬೆತ್, ಆಸ್ಗರನ ಅಮ್ಮ, ಮೊದಲ ದಿನವೇ ಬೆರಗಾದಳು, ಅಯ್ಯೋ ಹುಡುಗಿ, ನಮಗಿಂತ ಚೆನ್ನಾಗಿ ಮಾತಾಡ್ತೀಯಲ್ಲ, ಎಲ್ಲಿ ಕಲಿತೆ, ಟೀವಿ ನೋಡಿ ಅಂದೆ, ಆಸ್ಗರನ ಚಿಕ್ಕಪ್ಪ ಪ್ರೆಬೆನ್ ಹೊಟ್ಟೆ ಸವರಿಕೊಂಡ, ನೋಡ್ರಪ್ಪ, ಟೀವಿ ನೋಡಿ ಅವಳು ಭಾಷೆ ಬೆಳೆಸ್ಕೊಂಡ್ಳು, ನಾನು ಇದನ್ನ — ನಾನೂ ನಕ್ಕೆ, ಒಳ್ಳೆಯ ಜನ, ಸಿಟ್ಟು ಮಾಡಿಕೊಳ್ಳೋಣ ಅಂದರೂ ಆಗದು, ಅದೇ ಕಷ್ಟ. ನನ್ನ ನರ್ಸಿಂಗ್ ಓದು ಮುಗಿದ ಕೂಡಲೇ ಇಬ್ಬರೂ ಉತ್ತರಕ್ಕೆ, ಆನಾಳ ಊರಿನ ಆಸ್ಪತ್ರೆಗೆ, ಅಂತಲೇ ಮಾತಾಗಿತ್ತು, ಇವತ್ತು ಊಟದ ನಡುವೆ ಆಸ್ಗರ್ ಭಾಷಣಕ್ಕೆ ಎದ್ದು ಬೀಗದ ಕೈ ಎತ್ತಿ ತೋರಿಸಿದ, ನನ್ನ ಹೆಸರು ಕರೆದ, ಇವಾಲು, ಅಮ್ಮನ ಪಕ್ಕದ ಮನೆ ನಮ್ಮದಾಯ್ತು, ಇನ್ನು ಆ ಚಳಿ ಸಾಕು ನಿಂಗೆ, ಇಡೀ ಭವನ ಖುಷಿಯಿಂದ ಮೇಜು ಬಡಿಯಿತು, ನನ್ನ ಕೈ, ಟೀವಿಯಲ್ಲಿ ಉಡುಗೊರೆ ಸಿಕ್ಕ ಮದುಮಗಳ ಹಾಗೆ, ತಾನಾಗಿ ಎದೆ ಮೇಲೆ ಹೋಯಿತು. ಒಲ್ಲೆ ಅನ್ನುವುದು ಬಾರದ್ದೇನಲ್ಲ, ಪತ್ತೇದಾರಿ ಧಾರಾವಾಹಿಯಲ್ಲಿ ಕೊಲೆಗಾರನಿಗೆ ಹೇಳುವುದನ್ನು ಕಲಿತಿದ್ದೇನೆ, ತಟ್ಟೆ ತುಂಬ ಬಡಿಸಿ ಕೆನ್ನೆ ಸವರುವ ಅತ್ತೆಗೆ ಹೇಳುವುದು ಯಾವ ಕಂತಿನಲ್ಲೂ ಬರಲಿಲ್ಲ.

ಚಪ್ಪಾಳೆ ಈಗ ಕಿವಿಯಲ್ಲೇ, ಪ್ರೆಬೆನ್ ಜೇಬಿನಲ್ಲಿ ಕತ್ತರಿ, ಕುಣಿತ ಮುಗಿದೊಡನೆ ಗಂಡಿನ ಕಾಲುಚೀಲದ ತುದಿ ಕತ್ತರಿಸುತ್ತಾರೆ, ಬೇರೆ ಕಡೆ ಅಲೆಯದಿರಲಿ ಅಂತ, ಹೆಣ್ಣಿನ ಕಾಲಿಗೆ ಯಾರೂ ಕತ್ತರಿ ತರುವುದಿಲ್ಲ, ಅದು ಇನ್ನೆಲ್ಲಿಗೆ ಹೋದೀತು, ಲಿಸ್ಬೆತ್ ತಲೆಗಳ ಮೇಲೆ ಫೋನ್ ಹಿಡಿದಿದ್ದಾಳೆ, ಅದರೊಳಗೆ ವಿಡಿಯೋ ಕರೆಯಲ್ಲಿ ಆನಾ, ಹೆಬ್ಬೆರಳಷ್ಟು ಮುಖ, ದೂರದಿಂದ ನನ್ನನ್ನೇ ನೋಡುತ್ತ — ಯಾರದೋ ಮೊಣಕೈ, ಲಂಗ ಯಾರದೋ ಬೂಟಿನಡಿ, ಆಸ್ಗರ್ ಕೇಳು, ನಾನು ಆ ಮನೆಗೆ ಬರಲ್ಲ, ಏನಂದೆ, ಕೇಳಿಸ್ತಿಲ್ಲ ಕಣೇ, ಬರಲ್ಲ, ನಮ್ಮೂರಿಗೆ ಹೋಗ್ತೀನಿ, ಬಾಯಿ ಇನ್ನೂ ಅಗಲ ತೆರೆದೆ, ಚಪ್ಪಾಳೆ, ಲಿಸ್ಬೆತ್ ಫೋನ್ ಅಲ್ಲಾಡಿಸುತ್ತ, ಅಯ್ಯೋ, ಅಜ್ಜಿಗೆ ಹೋಗ್ತಿರೋ ಚಿತ್ರ ನಿಂತೇ ಹೋಯ್ತು, ಇರ್ಲಿ ಬಿಡು, ಪ್ರೆಬೆನ್ ಫೋನಿನೊಳಗೆ ಇಣುಕಿ ಅಂದ, ನಿಂತರೂ ಒಳ್ಳೇ ಕಡೆ ನಿಂತಿದೆ, ನೋಡು ಹೇಗೆ ನಗ್ತಿದ್ದಾಳೆ ಹುಡುಗಿ — ಅಲ್ಲಿ ಆನಾ ಯಾರನ್ನು ಕೇಳುತ್ತಾಳೆ, ಏನಂತಾಳೆ ಅವಳು ಅಂತ, ಸುತ್ತಿನ ನಡುವೆ ಮದುಮಗಳು, ಬಾಯಿ ತೆರೆದು